ಸತ್ತ ಮೇಲೂ ಸೇವೆ ಮಾಡುವ ಸೂಕ್ಷ್ಮಜೀವಿಗಳು: ಕರುಳಿನ ಆರೋಗ್ಯ ಮತ್ತು ಪೋಸ್ಟ್‌ಬಯೋಟಿಕ್



ಮಕ್ಕಳ ವಾರ್ಡಿನಲ್ಲಿ ಒಬ್ಬ ಅಜ್ಜಿ ನನಗೆ ಕೇಳಿದ ಪ್ರಶ್ನೆಯಿಂದಲೇ ಈ ಪಾಠವನ್ನು ಆರಂಭಿಸುತ್ತೇನೆ. ಅವರ ನಾಲ್ಕು ವರ್ಷದ ಮೊಮ್ಮಗನನ್ನು ನ್ಯುಮೋನಿಯಾ ಎಂದು ಸೇರಿಸಿದ್ದರು. ಆ್ಯಂಟಿಬಯೋಟಿಕ್ ಔಷಧಿ ಆರಂಭಿಸಿದ ಮೂರನೆಯ ದಿನ ಜ್ವರ ಇಳಿಯಿತು, ಆದರೆ ಭೇದಿ ಶುರುವಾಯಿತು. ಅಜ್ಜಿ ಹೆದರಿಬಿಟ್ಟರು. ಅನ್ನ, ಮೊಸರು, ಬಾಳೆಹಣ್ಣು ಎಲ್ಲವನ್ನೂ ನಿಲ್ಲಿಸಿ ಬರೀ ಗ್ಲೂಕೋಸ್ ನೀರು, ಬಿಸ್ಕತ್ತು ಕೊಡತೊಡಗಿದರು. ಎರಡೇ ದಿನದಲ್ಲಿ ಮಗು ಸೊರಗಿತು. "ಅವ್ವಾರ, ಮೊಸರನ್ನ ಕೊಡ್ರಿ, ಮಜ್ಜಿಗೆ ಸಾರು ಕೊಡ್ರಿ" ಎಂದು ನಾನು ಹೇಳಿದೆ. ಅದಕ್ಕೆ ಅವರು ಹೀಗೆಂದರು:

"ಮಜ್ಜಿಗಿ ಒಳಗ ಒಳ್ಳೇ ಜೀವ ಇರತಾವು ಅಂತ ನೀವ ಹೇಳೀರಿ. ಸಾರು ಅಂತ ಕುದಿಸಿದ್ರ ಅವು ಸಾಯತಾವಲ್ರಿ ಸಿಸ್ಟರ್. ಸತ್ತ ಮ್ಯಾಲೆ ಅದರೊಳಗ ಏನ್ ಉಳೀತೈತಿ?"

ಅದೇ ದಿನ ಸಂಜೆ ಮಗುವಿನ ತಂದೆ ಹೊರಗಿನಿಂದ ಒಂದು ಪುಡಿಯ ಡಬ್ಬಿ ತಂದರು. ಯಾರೋ ಪರಿಚಯದವರು ಹೇಳಿದ್ದರಂತೆ. ಬೆಲೆ ಅವರ ಮೂರು ದಿನದ ಕೂಲಿಗೆ ಸಮ. ಮೇಲೆ "ಪೋಸ್ಟ್‌ಬಯೋಟಿಕ್" ಎಂದು ಬರೆದಿತ್ತು. "ಇದು ಕೊಡಬಹುದೇನ್ರಿ?" ಎಂದು ಕೇಳಿದರು.

ಅಜ್ಜಿಯ ಪ್ರಶ್ನೆ, ಮಗನ ಪ್ರಶ್ನೆ ಎರಡೂ ಒಂದೇ ವಿಷಯಕ್ಕೆ ಸೇರಿದವು. ನಿಮ್ಮಲ್ಲಿ ಅನೇಕರಿಗೂ ಇದೇ ಸಂಶಯ ಇರಬಹುದು. ಆದ್ದರಿಂದ ಹಂತಹಂತವಾಗಿ ತಿಳಿದುಕೊಳ್ಳೋಣ.

ಮೂರು ಹೆಸರುಗಳು, ಮೂರು ಅರ್ಥಗಳು

ಈ ಹೆಸರುಗಳು ಒಂದೇ ರೀತಿ ಕೇಳಿಸುವುದರಿಂದ ಗೊಂದಲವಾಗುತ್ತದೆ. ಒಂದೊಂದಾಗಿ ನೋಡಿ.

ಪ್ರೋಬಯೋಟಿಕ್ ಎಂದರೆ ತಕ್ಕಷ್ಟು ಪ್ರಮಾಣದಲ್ಲಿ ಸೇವಿಸಿದಾಗ ದೇಹಕ್ಕೆ ಒಳ್ಳೆಯದು ಮಾಡುವ, ಜೀವಂತ ಇರುವ ಸೂಕ್ಷ್ಮಜೀವಿಗಳು.

ಪ್ರೀಬಯೋಟಿಕ್ ಎಂದರೆ ನಮ್ಮ ಕರುಳಿನಲ್ಲಿರುವ ಒಳ್ಳೆಯ ಸೂಕ್ಷ್ಮಜೀವಿಗಳ ಆಹಾರ. ನಮಗೆ ಜೀರ್ಣವಾಗದ ಕೆಲವು ಬಗೆಯ ನಾರು ಮತ್ತು ಪಿಷ್ಟ ಈ ಕೆಲಸ ಮಾಡುತ್ತವೆ.

ಪೋಸ್ಟ್‌ಬಯೋಟಿಕ್ ಎಂದರೆ ನಿರ್ಜೀವವಾದ ಸೂಕ್ಷ್ಮಜೀವಿಗಳು ಅಥವಾ ಅವುಗಳ ದೇಹದ ಭಾಗಗಳಿಂದ ತಯಾರಾದ, ಆರೋಗ್ಯಕ್ಕೆ ಉಪಯೋಗವಾಗುವ ಪದಾರ್ಥ. ಪ್ರೋಬಯೋಟಿಕ್ ಮತ್ತು ಪ್ರೀಬಯೋಟಿಕ್‌ಗಳ ಅಂತರರಾಷ್ಟ್ರೀಯ ವೈಜ್ಞಾನಿಕ ಸಂಘವು 2021ರಲ್ಲಿ ಈ ಅರ್ಥವನ್ನು ನಿಗದಿ ಮಾಡಿತು. ಸೂಕ್ಷ್ಮಜೀವಿಗಳು ಬದುಕಿದ್ದಾಗ ತಯಾರಿಸಿದ ಆಮ್ಲಗಳು ಅದರ ಜೊತೆಗೆ ಇರಬಹುದು. ಆ ಆಮ್ಲಗಳನ್ನೇ ಪೋಸ್ಟ್‌ಬಯೋಟಿಕ್ ಎಂದು ಕರೆಯುವ ರೂಢಿಯೂ ಇದೆ. ಹೆಸರಿನ ಚರ್ಚೆಯನ್ನು ವಿಜ್ಞಾನಿಗಳಿಗೆ ಬಿಡೋಣ. ನಮಗೆ ಬೇಕಾದದ್ದು ಅವು ಮಾಡುವ ಕೆಲಸ.

ಸುಲಭವಾಗಿ ನೆನಪಿಡಲು ಹೀಗೆ ಹೇಳಬಹುದು: ಪ್ರೋಬಯೋಟಿಕ್ ಎಂದರೆ ದುಡಿಯುವವರು, ಪ್ರೀಬಯೋಟಿಕ್ ಎಂದರೆ ಅವರ ಬುತ್ತಿ, ಪೋಸ್ಟ್‌ಬಯೋಟಿಕ್ ಎಂದರೆ ಅವರು ಬಿಟ್ಟುಹೋದ ಆಸ್ತಿ.

ಕರುಳಿನೊಳಗಿನ ಹೊಲ

ಹೊಟ್ಟೆಯಿಂದ ಮುಂದೆ ಸುಮಾರು 6 ಮೀಟರ್ ಸಣ್ಣ ಕರುಳು, ಅದರ ಮುಂದೆ ಸುಮಾರು ಒಂದೂವರೆ ಮೀಟರ್ ದೊಡ್ಡ ಕರುಳು ಇದೆ. ಸೂಕ್ಷ್ಮಜೀವಿಗಳ ಮುಖ್ಯ ವಾಸ ದೊಡ್ಡ ಕರುಳಿನಲ್ಲಿ. ವಯಸ್ಕರೊಬ್ಬರ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಎಂದು 2016ರಲ್ಲಿ ಇಸ್ರೇಲಿನ ವಿಜ್ಞಾನಿಗಳು ಅಂದಾಜು ಮಾಡಿದರು. ನಮ್ಮ ಸ್ವಂತ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ. ಅಂದರೆ ನಮ್ಮ ದೇಹದಲ್ಲಿ ನಮಗಿಂತ ಅವರೇ ಸ್ವಲ್ಪ ಹೆಚ್ಚು! ಆದರೂ ಅವೆಲ್ಲದರ ತೂಕ ಕಾಲು ಕಿಲೋ ಸಹ ಆಗುವುದಿಲ್ಲ.

ನಾವು ತಿಂದ ರೊಟ್ಟಿ, ಕಾಳು, ಸೊಪ್ಪಿನಲ್ಲಿ ಜೀರ್ಣವಾಗುವ ಭಾಗವನ್ನು ಸಣ್ಣ ಕರುಳು ಹೀರಿಕೊಳ್ಳುತ್ತದೆ. ಜೀರ್ಣವಾಗದ ನಾರು ದೊಡ್ಡ ಕರುಳಿಗೆ ಬರುತ್ತದೆ. ಅಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಹುಳಿ ಬರಿಸುತ್ತವೆ. ದೋಸೆ ಹಿಟ್ಟು ರಾತ್ರಿಯಿಡೀ ಹುಳಿ ಬರುತ್ತದಲ್ಲ, ಹೆಚ್ಚುಕಡಿಮೆ ಅದೇ ಕೆಲಸ ನಮ್ಮೊಳಗೂ ನಡೆಯುತ್ತದೆ. ಆಗ ಮುಖ್ಯವಾಗಿ ಮೂರು ಆಮ್ಲಗಳು ಹುಟ್ಟುತ್ತವೆ: ಅಸಿಟೇಟ್, ಪ್ರೋಪಿಯೋನೇಟ್ ಮತ್ತು ಬ್ಯುಟಿರೇಟ್.

ಇವುಗಳಲ್ಲಿ ಬ್ಯುಟಿರೇಟ್ ಬಹಳ ಮುಖ್ಯ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಬೇಕಾದ ಶಕ್ತಿಯಲ್ಲಿ ಸುಮಾರು 70 ಭಾಗ ಇದರಿಂದಲೇ ಸಿಗುತ್ತದೆ. ಮೊದಲು ಬೆಣ್ಣೆಯಲ್ಲಿ ಗುರುತಿಸಿದ್ದರಿಂದ ಇದಕ್ಕೆ ಈ ಹೆಸರು ಬಂತು. ಹಾಗೆಂದು ಬೆಣ್ಣೆ, ತುಪ್ಪ ಹೆಚ್ಚು ತಿಂದರೆ ದೊಡ್ಡ ಕರುಳಿಗೆ ಸಿಗುತ್ತದೆ ಎಂದು ತಿಳಿಯಬೇಡಿ. ಅದು ಮೇಲೆಯೇ ಜೀರ್ಣವಾಗಿಹೋಗುತ್ತದೆ. ದೊಡ್ಡ ಕರುಳಿಗೆ ಬೇಕಾದ ಬ್ಯುಟಿರೇಟ್ ಅಲ್ಲೇ ತಯಾರಾಗಬೇಕು. ಅದಕ್ಕೆ ನಾರು ಬೇಕು.

ಈ ಆಮ್ಲಗಳಿಂದ ಆಗುವ ಉಪಯೋಗಗಳು:

1. ಕರುಳಿನ ಒಳಗೋಡೆ ಗಟ್ಟಿಯಾಗಿರುತ್ತದೆ. ಬೇಡದ ಪದಾರ್ಥಗಳು ರಕ್ತಕ್ಕೆ ನುಸುಳುವುದು ಕಡಿಮೆಯಾಗುತ್ತದೆ.
2. ಕರುಳಿನಲ್ಲಿ ಸ್ವಲ್ಪ ಹುಳಿ ಗುಣ ಉಳಿಯುತ್ತದೆ. ಅನೇಕ ರೋಗಾಣುಗಳಿಗೆ ಅಂಥ ಜಾಗ ಒಗ್ಗುವುದಿಲ್ಲ.
3. ದೊಡ್ಡ ಕರುಳು ನೀರು ಮತ್ತು ಉಪ್ಪನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಭೇದಿಯಾದವರಿಗೆ ಇದು ಬಹಳ ಮುಖ್ಯ.
4. ಕರುಳಿನ ಸುತ್ತ ಇರುವ ರೋಗನಿರೋಧಕ ಜೀವಕೋಶಗಳು ಅತಿಯಾಗಿ ಕೆರಳದೆ ಹದದಲ್ಲಿ ಇರಲು ಸಹಾಯವಾಗುತ್ತದೆ.

ಸತ್ತ ಮೇಲೆ ಏನು ಉಳಿಯುತ್ತದೆ?

ಈಗ ಅಜ್ಜಿಯ ಪ್ರಶ್ನೆಗೆ ಬರೋಣ. ನಾಯಿ ಕಚ್ಚಿದಾಗ ಕೊಡುವ ಲಸಿಕೆ ನಿಮಗೆ ಗೊತ್ತು. ಅದರಲ್ಲಿ ಇರುವುದು ನಿರ್ಜೀವಗೊಳಿಸಿದ ರೋಗಾಣು. ಅದು ಸತ್ತಿದ್ದರೂ ಅದರ ಮೈಯ ಗುರುತನ್ನು ನಮ್ಮ ದೇಹ ಹಿಡಿಯುತ್ತದೆ, ಅದರಿಂದ ಪಾಠ ಕಲಿಯುತ್ತದೆ. ಒಳ್ಳೆಯ ಬ್ಯಾಕ್ಟೀರಿಯಾಗಳ ವಿಷಯದಲ್ಲೂ ಸ್ವಲ್ಪ ಹೀಗೆಯೇ. ಅವು ಸತ್ತರೂ ಅವುಗಳ ಹೊರಕವಚದ ಚೂರುಗಳನ್ನು ಕರುಳಿನ ರಕ್ಷಕ ಜೀವಕೋಶಗಳು ಗುರುತಿಸುತ್ತವೆ. ಅವು ತಯಾರಿಸಿದ ಹುಳಿಯೂ ಆಹಾರದಲ್ಲಿ ಉಳಿದಿರುತ್ತದೆ.

ನಮ್ಮ ರೈತಬಾಂಧವರಿಗೆ ಇದು ಹೊಸದಲ್ಲ. ಒಣಗಿ ಬಿದ್ದ ಎಲೆ ಸತ್ತದ್ದೇ. ಆದರೆ ತಿಪ್ಪೆಯಲ್ಲಿ ಕೊಳೆತರೆ ಹೊಲಕ್ಕೆ ಗೊಬ್ಬರವಾಗುತ್ತದೆ.

ಇಡ್ಲಿಯನ್ನೇ ನೋಡಿ. ಉದ್ದು, ಅಕ್ಕಿ ರುಬ್ಬಿ ಇಟ್ಟಾಗ ಹಿಟ್ಟಿನಲ್ಲಿ ಬ್ಯಾಕ್ಟೀರಿಯಾಗಳು ಬೆಳೆದು ಹಿಟ್ಟು ಉಬ್ಬುತ್ತದೆ, ಹುಳಿಯಾಗುತ್ತದೆ. ಹಬೆಯಲ್ಲಿ ಬೇಯಿಸಿದಾಗ ಅವು ಸಾಯುತ್ತವೆ. ನಾವು ತಿನ್ನುವ ಇಡ್ಲಿಯಲ್ಲಿ ಸತ್ತ ಬ್ಯಾಕ್ಟೀರಿಯಾಗಳೂ ಅವು ತಯಾರಿಸಿದ ಹುಳಿಯೂ ಇರುತ್ತವೆ. ಕುದಿಸಿದ ಮಜ್ಜಿಗೆ ಸಾರು, ಹುಳಿ ಬರಿಸಿ ಕಾಯಿಸಿದ ಅಂಬಲಿ ಕೂಡ ಇದೇ ಜಾತಿಗೆ ಸೇರಿದವು. ಇವು ಔಷಧಿಗಳೆಂದು ನಾನು ಹೇಳುವುದಿಲ್ಲ. ಪೋಸ್ಟ್‌ಬಯೋಟಿಕ್ ಎಂಬ ಹೆಸರು ಸಿಗಬೇಕಾದರೆ ಯಾವ ಬ್ಯಾಕ್ಟೀರಿಯಾ, ಎಷ್ಟು ಪ್ರಮಾಣ, ಯಾವ ಪ್ರಯೋಜನ ಎಂಬುದನ್ನು ಪರೀಕ್ಷೆಯಿಂದ ತೋರಿಸಬೇಕು. ಆದರೆ ಕುದಿಸಿದ್ದರಿಂದ ಎಲ್ಲವೂ ವ್ಯರ್ಥವಾಯಿತು ಎಂಬ ಭಯ ಬೇಡ.

ನಿರ್ಜೀವ ರೂಪಕ್ಕೆ ಎರಡು ಅನುಕೂಲಗಳೂ ಇವೆ. ಬೇಸಿಗೆಯ ಬಿಸಿಲಿನಲ್ಲಿ ಜೀವಂತ ಬ್ಯಾಕ್ಟೀರಿಯಾಗಳ ಪೊಟ್ಟಣ ಕೆಡಬಹುದು, ನಿರ್ಜೀವವಾದದ್ದು ಅಷ್ಟು ಬೇಗ ಕೆಡುವುದಿಲ್ಲ. ಇನ್ನೊಂದು, ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರಲ್ಲಿ ಜೀವಂತ ಬ್ಯಾಕ್ಟೀರಿಯಾ ಅಪರೂಪಕ್ಕೆ ರಕ್ತಕ್ಕೆ ಸೇರಿ ಸೋಂಕು ಮಾಡಬಹುದು. ಸತ್ತ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ.

ವೆಲ್ಲೂರಿನಿಂದ ಬಂದ ಪಾಠ

ಕರುಳಿನೊಳಗೆ ಹುಟ್ಟುವ ಈ ಆಮ್ಲಗಳು ರೋಗಿಗೆ ನಿಜವಾಗಿ ನೆರವಾಗುತ್ತವೆಯೇ? ಇದಕ್ಕೆ ನಮ್ಮ ಪಕ್ಕದ ರಾಜ್ಯದಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. ತಮಿಳುನಾಡಿನ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಕಾಲರಾ ರೋಗಿಗಳ ಮೇಲೆ ಒಂದು ಅಧ್ಯಯನ ನಡೆಯಿತು. 2000ದಲ್ಲಿ ಅದು ಪ್ರಕಟವಾಯಿತು. 48 ರೋಗಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಸಾಮಾನ್ಯ ಓಆರ್‌ಎಸ್, ಎರಡನೆಯದಕ್ಕೆ ಅಕ್ಕಿ ಹಿಟ್ಟು ಸೇರಿಸಿದ ಓಆರ್‌ಎಸ್, ಮೂರನೆಯದಕ್ಕೆ ಸಣ್ಣ ಕರುಳಿನಲ್ಲಿ ಜೀರ್ಣವಾಗದ ಒಂದು ಬಗೆಯ ಮೆಕ್ಕೆಜೋಳದ ಪಿಷ್ಟ ಸೇರಿಸಿದ ಓಆರ್‌ಎಸ್. ಮೂರನೆಯ ಗುಂಪಿನವರಲ್ಲಿ ಭೇದಿಯ ಪ್ರಮಾಣ ಕಡಿಮೆಯಾಯಿತು, ಸಾಮಾನ್ಯ ಓಆರ್‌ಎಸ್ ಕುಡಿದವರಿಗಿಂತ ಬೇಗ ನಿಂತಿತು.

ಕಾರಣ ಏನು? ಆ ಪಿಷ್ಟ ದೊಡ್ಡ ಕರುಳಿಗೆ ಹೋಯಿತು. ಬ್ಯಾಕ್ಟೀರಿಯಾಗಳು ಅದನ್ನು ತಿಂದು ಆಮ್ಲಗಳನ್ನು ತಯಾರಿಸಿದವು. ಆ ಆಮ್ಲಗಳ ಜೊತೆಗೆ ಉಪ್ಪು, ನೀರು ದೇಹಕ್ಕೆ ವಾಪಸ್ಸು ಬಂದವು. 2001ರಲ್ಲಿ ಬಾಂಗ್ಲಾದೇಶದಿಂದ ಬಂದ ಇನ್ನೊಂದು ವರದಿಯಲ್ಲೂ, ಬಹಳ ದಿನದಿಂದ ಭೇದಿಯಿದ್ದ ಶಿಶುಗಳಿಗೆ ಅನ್ನದ ಪಥ್ಯದಲ್ಲಿ ಬೇಯಿಸಿದ ಬಾಳೆಕಾಯಿ ಸೇರಿಸಿದಾಗ ಹೆಚ್ಚು ಮಕ್ಕಳು ಬೇಗ ಚೇತರಿಸಿಕೊಂಡದ್ದು ಕಂಡುಬಂತು.

ಇದರಿಂದ ನಾವು ಕಲಿಯಬೇಕಾದದ್ದು ಒಂದೇ: ಭೇದಿಯಾದಾಗ ಕರುಳನ್ನು ಉಪವಾಸ ಕೆಡವಬಾರದು. ನಾವು ಉಪವಾಸವಿದ್ದರೆ ನಮ್ಮೊಳಗಿನ ದುಡಿಮೆಗಾರರೂ ಉಪವಾಸ.

ಆ್ಯಂಟಿಬಯೋಟಿಕ್ ನಡೆಯುವಾಗ

ಹೊಲಕ್ಕೆ ಕಳೆನಾಶಕ ಹೊಡೆದಾಗ ಕೆಲವೊಮ್ಮೆ ಬೆಳೆಗೂ ಪೆಟ್ಟು ಬೀಳುತ್ತದೆ. ಆ್ಯಂಟಿಬಯೋಟಿಕ್ ರೋಗಾಣುವನ್ನು ಕೊಲ್ಲುವಾಗ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳೂ ಕಡಿಮೆಯಾಗುತ್ತವೆ. ಆಗ ಸ್ವಲ್ಪ ಭೇದಿ ಆಗಬಹುದು. ಈ ಸಮಯದಲ್ಲಿ ಹೀಗೆ ಮಾಡಿರಿ:

- ಔಷಧಿಯನ್ನು ನೀವಾಗಿಯೇ ನಿಲ್ಲಿಸಬೇಡಿ. ಅರ್ಧಕ್ಕೆ ಬಿಟ್ಟರೆ ಮೂಲ ರೋಗ ಮರುಕಳಿಸಬಹುದು. ಭೇದಿಯ ವಿಷಯವನ್ನು ಸಿಸ್ಟರ್‌ಗೆ ಅಥವಾ ವೈದ್ಯರಿಗೆ ತಿಳಿಸಿ. ಔಷಧಿ ಬದಲಿಸಬೇಕೋ ಬೇಡವೋ ಅವರು ನಿರ್ಧರಿಸುತ್ತಾರೆ.
- ಊಟ ನಿಲ್ಲಿಸಬೇಡಿ. ಮೆತ್ತಗಿನ ಮೊಸರನ್ನ, ಹೆಸರುಬೇಳೆ ಕಿಚಡಿ, ಇಡ್ಲಿ, ಬಾಳೆಹಣ್ಣು, ನುಚ್ಚು ಮಜ್ಜಿಗೆ ಸ್ವಲ್ಪ ಸ್ವಲ್ಪವಾಗಿ ಅನೇಕ ಸಲ ಕೊಡಿ. ಹಾಲು ಒಗ್ಗದಿದ್ದರೂ ಅನೇಕರಿಗೆ ಮೊಸರು ಒಗ್ಗುತ್ತದೆ.
- ಓಆರ್‌ಎಸ್ ಕೊಡಿ. ದೊಡ್ಡ ಪೊಟ್ಟಣವನ್ನು ಪೂರ್ತಿಯಾಗಿ 1 ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಿ. ಸಣ್ಣ ಪೊಟ್ಟಣವಿದ್ದರೆ ಅದರ ಮೇಲೆ ಬರೆದಷ್ಟೇ ನೀರು ಹಾಕಿ. ಪ್ರತಿ ಭೇದಿಯ ನಂತರ 2 ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿ, 2ರಿಂದ 10 ವರ್ಷದವರಿಗೆ 100ರಿಂದ 200 ಮಿಲಿ, ದೊಡ್ಡವರಿಗೆ ಬೇಕಾದಷ್ಟು. ಕಲಸಿದ್ದನ್ನು 24 ಗಂಟೆಯ ಮೇಲೆ ಇಡಬಾರದು.
- ಪೊಟ್ಟಣ ಸಿಗದಿದ್ದರೆ 1 ಲೀಟರ್ ನೀರಿಗೆ ಸಮ ಮಾಡಿದ 6 ಟೀ ಚಮಚ ಸಕ್ಕರೆ, ಸಮ ಮಾಡಿದ ಅರ್ಧ ಟೀ ಚಮಚ ಉಪ್ಪು ಕಲಸಿ. ಅಳತೆ ತಪ್ಪಬಾರದು. ಬರೀ ಗ್ಲೂಕೋಸ್ ನೀರು, ಬಾಟಲಿಯ ಸಿಹಿ ಪಾನೀಯ ಓಆರ್‌ಎಸ್‌ಗೆ ಸಮವಲ್ಲ. ಅತಿಯಾದ ಸಿಹಿ ಭೇದಿಯನ್ನು ಹೆಚ್ಚಿಸಬಹುದು.
- ಭೇದಿಯಾದ 5 ವರ್ಷದೊಳಗಿನ ಮಕ್ಕಳಿಗೆ ವೈದ್ಯರು ಝಿಂಕ್ ಮಾತ್ರೆ ಕೊಟ್ಟಿದ್ದರೆ, ಭೇದಿ ನಿಂತರೂ ಹೇಳಿದಷ್ಟು ದಿನ ಪೂರ್ತಿ ಕೊಡಿ.
- ಸಿಪ್ರೋಫ್ಲಾಕ್ಸಾಸಿನ್, ಡಾಕ್ಸಿಸೈಕ್ಲಿನ್‌ನಂಥ ಕೆಲವು ಮಾತ್ರೆಗಳನ್ನು ಹಾಲು, ಮೊಸರಿನ ಜೊತೆ ನುಂಗಬಾರದು. ಔಷಧಿ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಎಷ್ಟು ಹೊತ್ತು ಅಂತರ ಇಡಬೇಕೆಂದು ಮಾತ್ರೆ ಕೊಡುವ ಸಿಸ್ಟರ್‌ಗೆ ಕೇಳಿ.
- ಭೇದಿ ನಿಲ್ಲಿಸುವ ಮಾತ್ರೆಯನ್ನು ಅಂಗಡಿಯಿಂದ ತಂದು ನೀವಾಗಿಯೇ ನುಂಗಿಸಬೇಡಿ.

ಅಡುಗೆಮನೆಯಲ್ಲಿರುವ ದಾರಿ

ವಯಸ್ಕರು ದಿನಕ್ಕೆ ಕನಿಷ್ಠ 25 ಗ್ರಾಂ ನಾರು, 400 ಗ್ರಾಂ ತರಕಾರಿ ಮತ್ತು ಹಣ್ಣು ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ಮಾಡಿದೆ. ನಮ್ಮ ಭಾಗದ ಊಟದಲ್ಲಿ ಇದು ಕಷ್ಟವಲ್ಲ. ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ರಾಗಿ, ನವಣೆ, ಮೊಳಕೆ ಹೆಸರು, ಮಡಿಕೆ ಕಾಳು, ಕಡಲೆ, ಮೆಂತ್ಯ ಸೊಪ್ಪು, ಉಳ್ಳಾಗಡ್ಡಿ, ಬೆಳ್ಳುಳ್ಳಿ, ಹೀರೇಕಾಯಿ, ಪೇರಲ ಹಣ್ಣು ಇವೆಲ್ಲವೂ ಕರುಳಿನ ದುಡಿಮೆಗಾರರ ಬುತ್ತಿ. ಇತ್ತೀಚೆಗೆ ರೊಟ್ಟಿ ಬಿಟ್ಟು ಬರೀ ಪಾಲಿಶ್ ಅಕ್ಕಿ ಅನ್ನ, ಬ್ರೆಡ್ಡು, ಬಿಸ್ಕತ್ತಿಗೆ ಹೊರಳಿದ ಮನೆಗಳಲ್ಲಿ ಮಲಬದ್ಧತೆಯ ದೂರು ಹೆಚ್ಚು ಕೇಳುತ್ತೇನೆ.

ಆದರೆ ಒಮ್ಮೆಲೇ ನಾರು ಹೆಚ್ಚಿಸಬೇಡಿ. ಹೊಟ್ಟೆ ಉಬ್ಬರಿಸುತ್ತದೆ, ವಾಯು ಆಗುತ್ತದೆ. ವಾರ ವಾರಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಿ, ಜೊತೆಗೆ ನೀರು ಕುಡಿಯಿರಿ.

ಅನ್ನ ಮಾಡಿ ಆರಿಸಿದಾಗ ಅದರ ಪಿಷ್ಟದ ಸ್ವಲ್ಪ ಭಾಗ ಜೀರ್ಣವಾಗದ ರೂಪಕ್ಕೆ ತಿರುಗಿ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ ಎಂಬುದು ನಿಜ. ಹಾಗೆಂದು ರಾತ್ರಿಯ ಅನ್ನವನ್ನು ಬೇಸಿಗೆಯಲ್ಲಿ ಹೊರಗೇ ಇಟ್ಟು ಬೆಳಿಗ್ಗೆ ರೋಗಿಗೆ ಕೊಡಬೇಡಿ. ಹೊರಗಿಟ್ಟ ಅನ್ನದಲ್ಲಿ ವಾಂತಿ ಮಾಡಿಸುವ ವಿಷ ಬೆಳೆಯಬಹುದು. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ವಾರ್ಡಿನಲ್ಲಿರುವ ರೋಗಿಗೆ ತಂಗಳು ಬೇಡವೇ ಬೇಡ.

ಬಾಣಂತಿಯರಿಗೆ ಒಂದು ಮಾತು. ನಿಮ್ಮ ಎದೆಹಾಲಿನಲ್ಲಿ ಮಗುವಿಗೆ ಜೀರ್ಣವಾಗದ ಒಂದು ಬಗೆಯ ಸಕ್ಕರೆ ಇದೆ. ಅದು ಮಗುವಿನ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆಂದೇ ಇರುವ ಆಹಾರ. ಆದ್ದರಿಂದ ಮೊದಲ 6 ತಿಂಗಳು ಎದೆಹಾಲು ಮಾತ್ರ ಸಾಕು. ಮಗುವಿಗೆ ಭೇದಿಯಾದರೂ ಹಾಲೂಡಿಸುವುದನ್ನು ನಿಲ್ಲಿಸಬೇಡಿ.

ಅಂಗಡಿಯ ಡಬ್ಬಿಯ ಬಗ್ಗೆ

ಪೋಸ್ಟ್‌ಬಯೋಟಿಕ್ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಬೆಲ್ಜಿಯಂ ದೇಶದಲ್ಲಿ ತೂಕ ಹೆಚ್ಚಿದ್ದ 32 ಜನರ ಮೇಲೆ ನಡೆದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಅವರಲ್ಲಿ ಒಂದು ಗುಂಪಿನವರಿಗೆ ಅಕರ್ಮಾನ್ಸಿಯಾ ಎಂಬ ಬ್ಯಾಕ್ಟೀರಿಯಾವನ್ನು ಬಿಸಿ ಮಾಡಿ ನಿರ್ಜೀವಗೊಳಿಸಿ 3 ತಿಂಗಳು ಕೊಟ್ಟರು. ಆ ಗುಂಪಿನಲ್ಲಿ ದೇಹ ಇನ್ಸುಲಿನ್‌ಗೆ ಸ್ಪಂದಿಸುವ ಗುಣ ಸುಧಾರಿಸಿತು. ಇದು ಆಶಾದಾಯಕ, ಆದರೆ ಸಣ್ಣ ಅಧ್ಯಯನ. ಇದನ್ನು ಓದಿ ಸಕ್ಕರೆ ಕಾಯಿಲೆಯವರು ಮಾತ್ರೆ ಬಿಡಬಾರದು. ಮನಸ್ಸಿನ ಆರೋಗ್ಯಕ್ಕೂ ಕರುಳಿಗೂ ಇರುವ ಸಂಬಂಧದ ಬಗ್ಗೆಯೂ ಸಂಶೋಧನೆ ನಡೆದಿದೆ. ಅದರಿಂದ ಚಿಂತೆ, ಖಿನ್ನತೆ ವಾಸಿಯಾಗುತ್ತದೆ ಎಂದು ಯಾರಾದರೂ ಮಾರಲು ಬಂದರೆ ನಂಬಬೇಡಿ.

ಡಬ್ಬಿ ಕೊಳ್ಳುವ ಮೊದಲು ಮೂರು ವಿಷಯ ನೋಡಿ. ಯಾವ ಬ್ಯಾಕ್ಟೀರಿಯಾ ಎಂದು ಪೂರ್ತಿ ಹೆಸರು ಬರೆದಿದೆಯೇ? ಎಷ್ಟು ಪ್ರಮಾಣವೆಂದು ಬರೆದಿದೆಯೇ? ಯಾವ ತೊಂದರೆಗೆ ಎಂದು ವೈದ್ಯರು ನಿಮಗೆ ಹೇಳಿದ್ದಾರೆಯೇ? ಮೂರಕ್ಕೂ ಹೌದು ಎಂದಾದರೆ ಮಾತ್ರ ಹಣ ಕೊಡಿ. "ಎಲ್ಲ ರೋಗಕ್ಕೂ ಒಂದೇ" ಎಂದು ಬರೆದಿದ್ದರೆ ಅಲ್ಲೇ ಬಿಟ್ಟುಬನ್ನಿ. ಆ ಹಣದಲ್ಲಿ ವಾರವಿಡೀ ಮೊಸರು, ಹಣ್ಣು, ಕಾಳು ಬರುತ್ತವೆ.

ಇವರು ಮೊದಲು ಕೇಳಿ, ಆಮೇಲೆ ತಿನ್ನಿ

- ಮೂತ್ರಪಿಂಡದ ತೊಂದರೆ ಇದ್ದವರು: ಬಾಳೆಹಣ್ಣು, ಕೆಲವು ಸೊಪ್ಪು, ಕಾಳುಗಳಿಂದ ರಕ್ತದಲ್ಲಿ ಪೊಟ್ಯಾಶಿಯಂ ಹೆಚ್ಚಬಹುದು.
- ಹೃದಯದ ತೊಂದರೆ ಇದ್ದವರು, ಬಿ.ಪಿ. ಇದ್ದವರು: ಮಜ್ಜಿಗೆಗೆ ಉಪ್ಪು ಎಷ್ಟು, ದಿನಕ್ಕೆ ನೀರು ಎಷ್ಟು ಎಂದು ಕೇಳಿ.
- ಹೊಟ್ಟೆ, ಕರುಳಿನ ಶಸ್ತ್ರಚಿಕಿತ್ಸೆ ಆದವರು: ನಾರಿನ ಆಹಾರ ಯಾವಾಗ ಆರಂಭಿಸಬೇಕೆಂಬುದನ್ನು ವೈದ್ಯರೇ ಹೇಳಬೇಕು.
- ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಅಂಗ ಕಸಿ ಆದವರು: ಜೀವಂತ ಬ್ಯಾಕ್ಟೀರಿಯಾಗಳ ಪೊಟ್ಟಣವನ್ನು ಕೇಳದೆ ತೆಗೆದುಕೊಳ್ಳಬೇಡಿ.

ಈ ಲಕ್ಷಣ ಕಂಡರೆ ತಡಮಾಡಬೇಡಿ

ಮಲದಲ್ಲಿ ರಕ್ತ, ಜ್ವರದೊಂದಿಗೆ ಭೇದಿ, ನಿಲ್ಲದ ವಾಂತಿ, ಹೊಟ್ಟೆ ಉಬ್ಬಿ ತೀವ್ರ ನೋವು, ಬಾಯಿ ಒಣಗುವುದು, ಕಣ್ಣು ಗುಳಿ ಬೀಳುವುದು, ಆರು ಗಂಟೆಯಿಂದ ಮೂತ್ರ ಆಗದಿರುವುದು, ಮಗು ಮಂಕಾಗಿ ಹಾಲು ಕುಡಿಯದಿರುವುದು. ಇವುಗಳಲ್ಲಿ ಒಂದು ಕಂಡರೂ ವಾರ್ಡಿನಲ್ಲಿದ್ದರೆ ಸಿಸ್ಟರ್‌ಗೆ ಹೇಳಿ, ಮನೆಯಲ್ಲಿದ್ದರೆ ಕೂಡಲೇ ಆಸ್ಪತ್ರೆಗೆ ಬನ್ನಿ. ಆ್ಯಂಟಿಬಯೋಟಿಕ್ ಮುಗಿದು ಕೆಲವು ವಾರಗಳ ನಂತರವೂ ಜೋರಾದ ಭೇದಿ ಬರಬಹುದು. ಆಗ "ಇಂಥ ಔಷಧಿ ತೆಗೆದುಕೊಂಡಿದ್ದೆವು" ಎಂದು ಹಳೆಯ ಚೀಟಿ ತೋರಿಸಿ.

ಕೊನೆಯ ಮಾತು

ಆ ಅಜ್ಜಿಗೆ ಮತ್ತು ಮಗನಿಗೆ ಇದನ್ನೆಲ್ಲ ಒಂದೇ ಸಲ ಹೇಳಲಾಗಲಿಲ್ಲ. ಎರಡು ದಿನ ಹಾಸಿಗೆಯ ಪಕ್ಕ ನಿಂತು ಸ್ವಲ್ಪ ಸ್ವಲ್ಪ ಹೇಳಿದೆ. ಡಬ್ಬಿಯ ಮುಚ್ಚಳ ಇನ್ನೂ ತೆಗೆದಿರಲಿಲ್ಲವಾದ್ದರಿಂದ ಅಂಗಡಿಯವರು ವಾಪಸ್ಸು ತೆಗೆದುಕೊಂಡರು. ವೈದ್ಯರು ಆ್ಯಂಟಿಬಯೋಟಿಕ್ ಮುಂದುವರಿಸಿದರು. ಅಜ್ಜಿ ಓಆರ್‌ಎಸ್ ಜೊತೆ ಮೊಸರನ್ನ, ಇಡ್ಲಿ ಶುರುಮಾಡಿದರು. ನಾಲ್ಕನೆಯ ದಿನ ಮಗು ಎದ್ದು ಕುಳಿತು ತಾನೇ ತುತ್ತು ಎತ್ತಿ ತಿಂದಿತು. ಭೇದಿ ನಿಲ್ಲಲು ಯಾವುದು ಎಷ್ಟು ಕಾರಣ ಎಂದು ನಾನು ಅಳೆದು ಹೇಳಲಾರೆ. ಆದರೆ ಮಗು ಉಪವಾಸದಿಂದ ಸೊರಗುವುದು ನಿಂತಿತು, ಔಷಧಿಯೂ ಪೂರ್ತಿಯಾಯಿತು.

ಮನೆಗೆ ಹೊರಡುವ ದಿನ ಅಜ್ಜಿ ಪಕ್ಕದ ಹಾಸಿಗೆಯ ತಾಯಿಗೆ ಹೇಳುತ್ತಿದ್ದರು: "ಊಟ ಬಿಡಸಬ್ಯಾಡ ತಂಗಿ, ಒಳಗಿನವ್ರಿಗೂ ಹಸಿವು ಇರತೈತಿ."

ನೀವೂ ಇದೊಂದು ಮಾತನ್ನು ನೆನಪಿಡಿ. ಸಂಶಯ ಬಂದರೆ ವಾರ್ಡಿನ ಸಿಸ್ಟರ್‌ಗೆ ಯಾವ ಹೊತ್ತಿನಲ್ಲಾದರೂ ಕೇಳಿ, ಸಂಕೋಚ ಬೇಡ. ಎಲ್ಲರೂ ಬೇಗ ಗುಣಮುಖರಾಗಿ ಮನೆಗೆ ಮರಳಿ.